ಕಿಟಕಿ ಗಾಜು ಒಂದೋ ತೂತು, ಇಲ್ಲಾಂದ್ರೆ ಬೂದಿ ತಗಡು! ಅನುಭವ ಇರೋರು ಹೇಳ್ರಪ್ಪ

ದಾವಣಗೆರೆ_ಡ್ರಾಫ್ಟ್:
ನಮಸ್ಕಾರ ಎಲ್ರಿಗೂ. ಸ್ಕೆಚಪ್‌ನಲ್ಲಿ ಮನೆಯ 3ಡಿ ಮಾಡೆಲ್ ಮಾಡಿ, ವಿ-ರೇಯಲ್ಲಿ ಅದರ ಚಿತ್ರ ತೆಗೀತೀನಿ (ರೆಂಡರ್). 30x40 ಸೈಟು, ಜಿ+2 ಮನೆ, ರಸ್ತೆ ಕಡೆಯಿಂದ ಮಧ್ಯಾಹ್ನದ ಎಲಿವೇಶನ್ ವ್ಯೂ. ಗೋಡೆ, ಕ್ಲಾಡಿಂಗ್, ಗಿಡ ಎಲ್ಲ ಚೆನ್ನಾಗೇ ಬಂದಿದೆ, ಕಿಟಕಿ ಮಾತ್ರ ಮಾನ ಕಳೀತಿದೆ. ರಿಫ್ಲೆಕ್ಷನ್ ಇಳಿಸಿದ್ರೆ ಗಾಜೇ ಹಾಕಿಲ್ಲ ಅನ್ನೋ ಥರ ತೂತು, ಏರಿಸಿದ್ರೆ ಬೂದಿ ತಗಡು. ಒಳಗೆ ರೂಮೆಲ್ಲ ಕತ್ತಲು. ಗಾಜು ಒಂದೇ ಫೇಸ್, ದಪ್ಪ ಕೊಟ್ಟಿಲ್ಲ. ಸೋಮವಾರ ಕ್ಲೈಂಟ್ ಬರ್ತಾರೆ. 16 ಜಿಬಿ ರ‍್ಯಾಮ್, 12 ಜಿಬಿಯ 3060 ಗ್ರಾಫಿಕ್ಸ್ ಕಾರ್ಡು. ಏನ್ ಮಾಡ್ಲಿ?

ರೆಂಡರ್_ರಾಯ:
ಒಂದೇ ಫೇಸ್ ಅಂದ ತಕ್ಷಣ ನಂಗೆ 2019 ನೆನಪಾಗಿ ಹೊಟ್ಟೆ ಉರೀತು. ಒಂದು ಕಾಲೇಜು ಕಟ್ಟಡದ ವಾಕ್‌ಥ್ರೂ ವಿಡಿಯೋ, 64 ಕಿಟಕಿ, ಎಲ್ಲಾ ಒಂಟಿ ಫೇಸು, ರಿಫ್ರಾಕ್ಷನ್ ಐಓಆರ್ (ಗಾಜಲ್ಲಿ ಬೆಳಕು ಎಷ್ಟು ಬಗ್ಗುತ್ತೆ ಅನ್ನೋ ಅಂಕಿ) 1.52, ಸಾಲದ್ದಕ್ಕೆ ಫಾಗ್ ಕಲರ್‌ಗೆ, ಅಂದ್ರೆ ಗಾಜಿನ ಒಳಗಿನ ಬಣ್ಣಕ್ಕೆ, ಒಂಚೂರು ಹಸಿರು ಬೇರೆ ಕೊಟ್ಟಿದ್ದೆ, ನಿಜವಾದ ಗಾಜಲ್ಲಿ ಕಬ್ಬಿಣದ ಅಂಶಕ್ಕೆ ಅಂಚು ಹಸಿರಾಗಿ ಕಾಣುತ್ತಲ್ಲ, ಹಂಗೆ ಬರ್ಲಿ ಅಂತ. ಸಾಫ್ಟ್‌ವೇರ್‌ಗೇನು ಗೊತ್ತು? ಕಿರಣ ಗಾಜಿನ ಒಳಗೆ ಹೋಯ್ತು, ಆಚೆ ಬರೋಕೆ ಇನ್ನೊಂದು ಮುಖನೇ ಇಲ್ಲ, ಹಂಗಾಗಿ ರೂಮಿಡೀ ಗಟ್ಟಿ ಗಾಜು ಅಂದ್ಕೊಂಡು ಲೆಕ್ಕ ಹಾಕ್ತು. ಬೆಂಚು, ಬೋರ್ಡು ಎಲ್ಲ ಪಾಚಿ ಕಟ್ಟಿದ ಕಲ್ಯಾಣಿಯಲ್ಲಿ ಮುಳುಗಿಸಿಟ್ಟ ಹಾಗೆ. ನಾನು ಅದನ್ನ ಸ್ಟಿಲ್‌ನಲ್ಲಿ ನೋಡ್ದೇನೇ 1,200 ಫ್ರೇಮು ರೆಂಡರ್ ಫಾರ್ಮ್‌ಗೆ (ದುಡ್ಡು ತಗೊಂಡು ರೆಂಡರ್ ಮಾಡ್ಕೊಡೋರಿಗೆ) ಕಳಿಸ್ಬಿಟ್ಟೆ. 11,400 ರೂಪಾಯಿ. ವಾಪಸ್ ಕೇಳಿದ್ರೆ "ಸೀನ್ ನಿಮ್ದು, ತಪ್ಪೂ ನಿಮ್ದು" ಅಂದ್ರು, ಅದೂ ಸರಿನೇ. ಎರಡನೇ ಸಲ ಮತ್ತೆ 11,400, ಮೇಲೆ 18% ಜಿಎಸ್‌ಟಿ. ಆ ಕೆಲಸದಲ್ಲಿ ಉಳಿದಿದ್ದು ಪೆಟ್ರೋಲ್ ದುಡ್ಡು. ಅವತ್ತಿಂದ 6 ಎಂಎಂ ದಪ್ಪ ಕೊಡ್ದೆ ಗಾಜು ಹಾಕಲ್ಲ, ಅರ್ಜೆಂಟಿದ್ರೆ ಥಿನ್ ವಾಲ್ಡ್ ಟಿಕ್ ಮಾಡಿ ರಿಫ್ರಾಕ್ಷನ್ ಬಗ್ಗೋದನ್ನೇ ಕೈಬಿಡ್ತೀನಿ. ಅಫೆಕ್ಟ್ ಶ್ಯಾಡೋಸ್ ಆನ್ ಇದ್ಯಾ ಅಂತ ನೋಡಿ, ಇಲ್ಲಾಂದ್ರೆ ಬಿಸಿಲು ಒಳಗೆ ಬರಲ್ಲ.

ಬ್ಲೆಂಡರ್_ಬಡವ:
ಲೈಸೆನ್ಸು, ಫಾರ್ಮು, ಜಿಎಸ್‌ಟಿ... ಅಣ್ಣ ನೀವು ಕಳೆದಿರೋ ದುಡ್ಡಲ್ಲಿ ನಂದು ಇನ್ನೊಂದು ಸಿಸ್ಟಮ್ ಬರ್ತಿತ್ತು. ನಾನು 2020ರಿಂದ ಬ್ಲೆಂಡರ್ ಜೊತೆ ಬರೋ ಸೈಕಲ್ಸ್ ರೆಂಡರರ್‌ನಲ್ಲೇ ಇದ್ದೀನಿ, ಸಾಫ್ಟ್‌ವೇರ್‌ಗೆ ಇವತ್ತಿನವರೆಗೂ ಖರ್ಚು ಸೊನ್ನೆ. ಹಾಗಂತ ಸುಲಭ ಅಂತಲ್ಲ. ಗ್ಲಾಸ್ ಶೇಡರ್ ನೇರ ಹಾಕಿದ್ರೆ ಬೆಳಕು ಒಳಗೆ ಬರೋದು ಕಾಸ್ಟಿಕ್ಸ್ (ಗಾಜಲ್ಲಿ ಬಗ್ಗಿ ಬಂದ ಬೆಳಕು) ಲೆಕ್ಕಕ್ಕೆ ಹೋಗುತ್ತೆ, ರೂಮು ಕತ್ತಲು, ಬಂದಿದ್ದೂ ಬರೀ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ. ಲೈಟ್ ಪಾತ್ ನೋಡ್ ಹಾಕಿ, ಶ್ಯಾಡೋ ರೇ (ನೆರಳು ಲೆಕ್ಕ ಹಾಕೋ ಕಿರಣ) ಬಂದಾಗ ಗ್ಲಾಸ್ ಬದಲು ಟ್ರಾನ್ಸ್‌ಪರೆಂಟ್ ಆಗೋ ಥರ ಮಿಕ್ಸ್ ಮಾಡ್ಬೇಕು. ಇದನ್ನ ಕಲಿಯೋಕೆ ನಂಗೆ ಹನ್ನೊಂದು ರಾತ್ರಿ ಹಿಡೀತು, ಸುಳ್ಳಲ್ಲ. ಅದಾದ್ಮೇಲೆ ಇನ್ನೊಂದು ಗ್ರಹಚಾರ. ಟೈಮ್ ಉಳಿಸೋಕೆ ಟ್ರಾನ್ಸ್‌ಮಿಷನ್ ಬೌನ್ಸ್ (ಕಿರಣ ಎಷ್ಟು ಗಾಜಿನ ಮುಖ ದಾಟಬಹುದು ಅನ್ನೋ ಮಿತಿ) 4ಕ್ಕೆ ಇಳಿಸಿದ್ದೆ. ಬಾಲ್ಕನಿ ಗಾಜಿನ ರೇಲಿಂಗ್ ಎರಡು ಮುಖ, ಸ್ಲೈಡಿಂಗ್ ಡೋರ್ ಎರಡು, ಒಳಗೆ ಪಾರ್ಟಿಷನ್ ಎರಡು, ಒಟ್ಟು ಆರು. ಮೂರನೇ ಗಾಜು ಕರ‍್ರಗೆ ಟಾರು ಬಳಿದಂಗೆ ಬಂತು. ಮಟೀರಿಯಲ್ ಕೆಟ್ಟಿದೆ ಅಂತ ಎರಡು ದಿನ ಅದನ್ನೇ ತಿದ್ದಿದ್ದೇ ತಿದ್ದಿದ್ದು. ಬೌನ್ಸ್ 12ಕ್ಕೆ ವಾಪಸ್ ತಂದೆ, ಸರಿ ಹೋಯ್ತು.

ರೆಂಡರ್_ರಾಯ:
ಹನ್ನೊಂದು ರಾತ್ರಿ + ಎರಡು ದಿನ. ನಿಮ್ಮ ದಿನಗೂಲಿ ಲೆಕ್ಕ ಹಾಕಿ, ಸೊನ್ನೆ ಹೆಂಗಾಗುತ್ತೆ ಅಂತ ಹೇಳಿ.

ಬ್ಲೆಂಡರ್_ಬಡವ:
ಕಲಿತಿದ್ದು ನನ್ನ ಹತ್ರನೇ ಇದೆ ಅಣ್ಣ, ಪ್ರತಿ ವರ್ಷ ರಿನ್ಯೂ ಮಾಡ್ಸೋದೇನಿಲ್ಲ.

ಹುಬ್ಬಳ್ಳಿ_ನೋಡ್:
ಇಬ್ರೂ ಸುಮ್ನಿರ್ರಿ ಒಂದೀಟು. ಹುಡುಗನ ಕಿಟಕಿ ಬಿಟ್ಟು ತಮ್ಮ ತಮ್ಮ ಲೆಕ್ಕಾ ಹಚ್ಯಾರ. ನಾ ಹೇಳ್ತೀನಿ ಕೇಳ್ರಿ, ಗಾಜಿಗೆ ತನ್ನದು ಅಂತ ಬಣ್ಣ ಇರೂದಿಲ್ಲ, ಎದುರಿಗೆ ಏನೈತಿ ಅದನ್ನ ತೋರಸ್ತೈತಿ. ನಾ ಒಂದು ಶೋರೂಮ್ ಮಾಡಿದ್ದೆ, ಸುತ್ತ ಏನೂ ಇಲ್ಲ, ಬರೇ ಹಸರ ನೆಲ, ಮ್ಯಾಲೆ ಖಾಲಿ ಆಕಾಶ. ಗಾಜಿನ್ಯಾಗ ಅರ್ಧ ಬಿಳಿ, ಅರ್ಧ ಹಸರ, ನಡುವ ಸ್ಕೇಲ್ ಇಟ್ಟು ಗೆರಿ ಹೊಡದಂಗ. ಮಾಲಕ ನೋಡಿ "ಇದೇನ್ರಿ, ಸ್ಟಿಕರ್ ಅಂಟಿಸೀರೇನು" ಅಂದ. ಏನ್ ಮಾಡ್ಲಿ, ಕ್ಯಾಮೆರಾದ ಹಿಂದ ಎದುರು ಮನಿ ಮೂರು, ಎರಡು ಬೇವಿನ ಗಿಡ, ಒಂದು ಲೈಟ್ ಕಂಬ, ವೈರು, ಎಲ್ಲಾ ಇಟ್ಟೆ. ಫ್ರೇಮಿನ್ಯಾಗ ಒಂದೂ ಕಾಣೂದಿಲ್ಲ ಮತ್ತ, ಗಾಜಿನ್ಯಾಗ ಅಷ್ಟ. ಛಲೋ ಬಂತು. ಆದ್ರ ಗಿಡ ಹೈ ಪಾಲಿ, ಅಂದ್ರ ಭಾಳ ಭಾರದ ಮಾಡೆಲ್ ಇದ್ವು, ರ‍್ಯಾಮ್ 16ರಾಗ ಕುಂಡ್ರಲಿಲ್ಲ, ಮೂರು ಸಲ ಕ್ರ್ಯಾಶ್, ನಾಲ್ಕನೇ ಸಲ ಕರೆಂಟ್ ಹೋತು, ಯುಪಿಎಸ್ ಬ್ಯಾಟರಿ ಬರೇ ನಾಕು ನಿಮಿಷ ತಡೀತು. ಬ್ಯಾಟರಿಗೆ 2,300, ರ‍್ಯಾಮ್‌ಗೆ 4,100 ಹೋದ್ವು. ಈಗ ಪ್ರಾಕ್ಸಿ (ಭಾರದ ಮಾಡೆಲ್ ಬದಲಿಗೆ ಇಡೂ ಹಗುರ ನಕಲು) ಹಾಕ್ತೀನಿ.

ಕುಡ್ಲ_ಸ್ಕೆಚ್:
ಎಂತ ಮಾರಾಯ್ರೆ, ಒಂದು ಕಿಟಕಿಗೆ ಮೂರು ಮನೆ ಕಟ್ಟುವುದಾ? ನಾನು ರಿಫ್ಲೆಕ್ಷನ್ ಪಾಸ್ (ಪ್ರತಿಫಲನ ಮಾತ್ರ ಇರುವ ಚಿತ್ರ) ಬೇರೆ ತೆಗೆದು, ಫೋಟೋಶಾಪಲ್ಲಿ ಆಕಾಶ, ತೆಂಗಿನ ಮರದ ಫೋಟೋ ಒಂದು ಸ್ಕ್ರೀನ್ ಮೋಡಲ್ಲಿ ಇಡುವುದು, ಹತ್ತು ನಿಮಿಷದ ಕೆಲಸ. ಆರು ವರ್ಷದಿಂದ ಇದೇ. ಯಾರೂ ಕೇಳಿದ್ದಿಲ್ಲ.

ರೆಂಡರ್_ರಾಯ:
ಸ್ಟಿಲ್‌ಗೆ ನಡೀತದೆ. ವಾಕ್‌ಥ್ರೂ ಕೇಳಿದ್ರೆ? 1,200 ಫ್ರೇಮಿಗೂ ತೆಂಗಿನ ಮರ ಅಂಟಿಸ್ತೀರಾ?

ಕುಡ್ಲ_ಸ್ಕೆಚ್:
ಅವರು ಕೇಳಿದ್ದು ಎಲಿವೇಶನ್, ನೀವು ನಿಮ್ಮ ವಾಕ್‌ಥ್ರೂ ದುಃಖ ಎಲ್ಲರ ತಲೆಗೆ ಕಟ್ಟಬೇಡಿ.

ಸಂಜೆವ್ಯೂ_ಮೈಸೂರು:
ನಾನೂ ನನ್ನ ಕಥೆ ಹೇಳ್ಬಿಡ್ತೀನಿ. ಮಧ್ಯಾಹ್ನ ಹೊರಗಡೆ ಬಿಸಿಲು ಹತ್ರ ಹತ್ರ ಒಂದು ಲಕ್ಷ ಲಕ್ಸ್, ಮನೆ ಒಳಗೆ ಕೆಲವು ನೂರು ಇದ್ರೆ ಹೆಚ್ಚು. ಆಚೆಗೆ ಎಕ್ಸ್‌ಪೋಶರ್ ಸೆಟ್ ಮಾಡಿದ್ರೆ ಒಳಗೆ ಕಪ್ಪಾಗದೆ ಇನ್ನೇನಾಗುತ್ತೆ? ರಸ್ತೆಗೆ ಹೋಗಿ ಎದುರು ಮನೆ ಕಿಟಕಿ ನೋಡಿ, ಕಪ್ಪಗೇ ಇರುತ್ತೆ. ಇದು ಗೊತ್ತಿಲ್ದೆ ನಾನು ಒಂದು ವಿಲ್ಲಾಗೆ ಪ್ರತಿ ರೂಮಲ್ಲೂ ನಾಲ್ಕು ನಾಲ್ಕು ಲೈಟ್ ತುಂಬಿ, ಇಂಟೆನ್ಸಿಟಿ ಏರಿಸಿ ಏರಿಸಿ, ಕೊನೆಗೆ ಕಿಟಕಿ ಎಲ್ಲ ಟ್ಯೂಬ್‌ಲೈಟ್ ಅಂಗಡಿ ಥರ ಆಯ್ತು, ರೆಂಡರ್ ಟೈಮು 50 ನಿಮಿಷದಿಂದ ನಾಲ್ಕು ಗಂಟೆಗೆ ಹೋಯ್ತು. ಆರ್ಕಿಟೆಕ್ಟ್ ಸರ್ ನೋಡಿ ಒಂದೇ ಮಾತಂದ್ರು, "ಸೂರ್ಯನ್ನ ಇಳಿಸಮ್ಮ." ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷಕ್ಕೆ ಆಕಾಶ ನೀಲಿ ಇರುತ್ತಲ್ಲ, ಆಗ ಒಳಗೂ ಹೊರಗೂ ಬೆಳಕು ಸಮ ಸಮ. ಈಗ ನಾನು ಹಗಲು ವ್ಯೂ ಒಪ್ಕೊಳ್ಳೋದೇ ಇಲ್ಲ, ಹಾಗಾಗಿ ಎರಡು ಕ್ಲೈಂಟ್ ಹೋದ್ರು, ಹೋಗ್ಲಿ. ಹಗಲೇ ಬೇಕು ಅಂದ್ರೆ ಗಾಜಿನ ಹಿಂದೆ ಬಿಳಿ ಪರದೆ ಅರ್ಧ ಎಳೆದಿಡಿ, ಬಿಸಿಲು ಅದರ ಮೇಲೆ ಬೀಳ್ಲಿ. ಆಗ ಗಾಜಿನ ಹಿಂದೆ ಒಂದು ಮನೆ ಇದೆ ಅನ್ಸುತ್ತೆ.

ದುಬೈ_ವಿಝ್:
ಮೇಡಂ ಪರದೆ ಮಾತು ನೂರಕ್ಕೆ ನೂರು. ನಮ್ಮಲ್ಲಿ ಟವರ್ ಕೆಲಸ ಜಾಸ್ತಿ, ಮನೆ ಬಗ್ಗೆ ಗೊತ್ತಿಲ್ಲ. ಮೊದಲ ಟವರ್‌ನಲ್ಲಿ ಇಡೀ ಗೋಡೆ ಒಂದೇ ಕನ್ನಡಿ ಥರ ಬಂತು, ಎದುರಿನ ಕಟ್ಟಡ ಒಂಚೂರೂ ಮುರೀದೆ ಕಾಣ್ತಿತ್ತು, ಸೀನಿಯರ್ ನಕ್ಕಿದ್ದು ಇನ್ನೂ ಕಿವೀಲಿದೆ. ನಿಜದಲ್ಲಿ ಯಾವ ಎರಡು ಗಾಜೂ ಒಂದೇ ಮಟ್ಟಕ್ಕೆ ಕೂರಲ್ಲ, ಟಫನ್ಡ್ ಗಾಜಲ್ಲಂತೂ ರೋಲರ್ ಮೇಲೆ ಹೋಗಿ ಬಂದಿದ್ದಕ್ಕೆ ಅಲೆ ಇರುತ್ತೆ. ಪ್ರತಿ ಪ್ಯಾನೆಲ್‌ನ ಅರ್ಧ ಡಿಗ್ರಿ ಒಳಗೆ ಅತ್ತಿತ್ತ ತಿರುಗಿಸಿ, ಮೇಲೆ ದೊಡ್ಡ ಸೈಜಿನ ನಾಯ್ಸ್ ಬಂಪ್ (ಮೇಲ್ಮೈಗೆ ಉಬ್ಬು ತಗ್ಗು) ಕೊಡಿ, ಇದ್ಯೋ ಇಲ್ವೋ ಅನ್ನೋ ಅಷ್ಟು. ನಾನು ಮೊದಲು ಜಾಸ್ತಿ ಕೊಟ್ಟು ಪ್ಲಾಸ್ಟಿಕ್ ಕವರ್ ಥರ ಮಾಡಿದ್ದೆ. ಇನ್ನು ರಿಫ್ಲೆಕ್ಷನ್ ಸಾಲ್ದಿದ್ರೆ ಫ್ರೆನೆಲ್ ಐಓಆರ್‌ನ (ಪ್ರತಿಫಲನ ಎಷ್ಟು ಅಂತ ಹೇಳೋ ಅಂಕಿ) ರಿಫ್ರಾಕ್ಷನ್‌ನಿಂದ ಬಿಡಿಸಿ 2.5 ಕೊಡಿ.

ಬ್ಲೆಂಡರ್_ಬಡವ:
2.5?? ಗಾಜಿನ ಐಓಆರ್ 1.5, ನೇರ ನೋಡಿದ್ರೆ ಒಂದು ಮುಖಕ್ಕೆ 4%, ಎರಡೂ ಸೇರಿ 8% ಪ್ರತಿಫಲನ, ಓರೆ ಆದಷ್ಟೂ ಏರುತ್ತೆ. ವಜ್ರಕ್ಕೇ 2.42 ಸ್ವಾಮಿ. ದುಬೈಯಲ್ಲಿ ಕಿಟಕಿಗೆ ವಜ್ರ ಕೂರಿಸ್ತಾರೋ ಏನೋ.

ದುಬೈ_ವಿಝ್:
ಕ್ಲಿಯರ್ ಗಾಜಿಗೆ ಅದು ಸರಿ. ಲೋಹದ ಕೋಟಿಂಗ್ ಇರೋ ರಿಫ್ಲೆಕ್ಟಿವ್ ಗಾಜು ಅದಕ್ಕಿಂತ ಎಷ್ಟೋ ಜಾಸ್ತಿ ಹೊಳೆಯುತ್ತೆ, ಬೆಂಗಳೂರಿನ ಐಟಿ ಆಫೀಸುಗಳ ಮುಂದೆ ನಿಂತು ನೋಡಿ. ಸೈಟ್ ನೋಡದೆ ವಿಕಿ ಓದಿ ಮಾತಾಡೋರಿಗೆ ಏನ್ ಹೇಳೋದು.

ಹುಬ್ಬಳ್ಳಿ_ನೋಡ್:
ಅಲ್ರಿ, 30x40 ಮನಿಗೆ ಯಾರ್ರಿ ಕೋಟಿಂಗ್ ಗಾಜು ಹಾಕ್ತಾರ? ಮುಂದ ಸ್ಲೈಡಿಂಗ್, ಹಿಂದ ಸೊಳ್ಳಿ ಜಾಳಗಿ, ಅದರ ಹಿಂದ ಕಬ್ಬಿಣದ ಗ್ರಿಲ್. ಗ್ರಿಲ್, ಜಾಳಗಿ ಎರಡೂ ಮಾಡೆಲ್ ಮಾಡ್ರಿ ತಮ್ಮಾ. ಒಳಗಿನ ಕತ್ತಲಿ ಅರ್ಧ ಅಲ್ಲೇ ಮುಚ್ಚಿ ಹೋಗ್ತೈತಿ.

ಕುಡ್ಲ_ಸ್ಕೆಚ್:
ಸೊಳ್ಳೆ ನೆಟ್ಟನ್ನೇ ಮಾಡೆಲ್ ಮಾಡಿದರೆ ಮುಗಿಯಿತು, ಮೋಯ್ರೆ ಎನ್ನುವ ಅಲೆ ಅಲೆ ಗೆರೆ ಬಂದು ಕಿಟಕಿ ಕುಣಿಯುತ್ತದೆ. ಒಂದು ಪ್ಲೇನಿಗೆ ಬೂದಿ ಬಣ್ಣ, 50% ಒಪ್ಯಾಸಿಟಿ. ಸಾಕು.

ದಾವಣಗೆರೆ_ಡ್ರಾಫ್ಟ್:
ಎಲ್ರಿಗೂ ಥ್ಯಾಂಕ್ಸ್. ಥಿನ್ ವಾಲ್ಡ್ ಟಿಕ್ ಮಾಡ್ದೆ, ಪರದೆ ಹಾಕ್ದೆ, ಎದುರಿಗೆ ಎರಡು ಮನೆ ಇಟ್ಟೆ, ತೂತು ಅನ್ನಿಸ್ತಿಲ್ಲ ಈಗ. ಆದ್ರೆ ಡಿನಾಯ್ಸರ್ (ಚುಕ್ಕಿ ಅಳಿಸೋ ಫಿಲ್ಟರ್) ಆನ್ ಮಾಡಿದ್ರೆ ಗಾಜಲ್ಲಿ ಕಾಣೋ ಪ್ರತಿಬಿಂಬ ಸವರಿ ಹೋಗ್ತಿದೆ.

ಸಂಜೆವ್ಯೂ_ಮೈಸೂರು:
ಸ್ಯಾಂಪಲ್ ಏರಿಸಿ, ಡಿನಾಯ್ಸರ್ ಪೂರ್ತಿ ನಂಬ್ಬೇಡಿ. ಕಿಟಕಿ ಜಾಗಕ್ಕೆ ಮಾತ್ರ ರೀಜನ್ ರೆಂಡರ್ ಮಾಡಿ ಕೂರಿಸಿ.

ರೆಂಡರ್_ರಾಯ:
ಇಲ್ಲಿ ಡಿನಾಯ್ಸರ್ ಬೈಯೋರೆಲ್ಲ ವ್ಯೂಗೆ 2 ಸಾವಿರಕ್ಕೆ ಕೆಲಸ ಒಪ್ಕೊಂಡು ಮಾರ್ಕೆಟ್ ಕೆಡಿಸಿರೋರು, ಅದನ್ನೂ ಹೇಳಿ.

ಸಂಜೆವ್ಯೂ_ಮೈಸೂರು:
ನಂದು ಆರೂವರೆ ಸಾವಿರ ಸರ್. ಯಾರಿಗೆ ಹೇಳ್ತಿದ್ದೀರ ನೋಡ್ಕೊಂಡು ಮಾತಾಡಿ.

ಬ್ಲೆಂಡರ್_ಬಡವ:
2 ಸಾವಿರ ನಂದು. ಹೌದು. ಏನೀಗ? ನಂಗೆ ಲೈಸೆನ್ಸ್ ಕಟ್ಟೋದಿಲ್ಲ, ಆ ರೇಟು ಗಿಟ್ಟುತ್ತೆ. ನಿಮ್ಗೆ ಗಿಟ್ಟಲ್ಲ ಅಂದ್ರೆ ಅದು ನನ್ನ ತಪ್ಪಾ?

ಹುಬ್ಬಳ್ಳಿ_ನೋಡ್:
ಆತು ಬಿಡ್ರಿ. ನಂದೊಂದು 3060 ಐತಿ, 12 ಜಿಬಿದು, ನಾ ಬ್ಯಾರೆ ಹೊಸಾ ಕಾರ್ಡ್ ತಗೊಂಡೀನಿ, ಹಳೇದು ಯಾರಿಗರ ಬೇಕಾ? 17 ಸಾವಿರ.

ಕುಡ್ಲ_ಸ್ಕೆಚ್:
ಬಿಲ್ ಉಂಟಾ? ಎಷ್ಟು ವರ್ಷದ್ದು?

ಹುಬ್ಬಳ್ಳಿ_ನೋಡ್:
ಬಿಲ್ ಐತಿ. ಬಾಕ್ಸ್ ಇಲ್ಲ, ಮನ್ಯಾಗ ಬೆಕ್ಕು ಮರಿ ಹಾಕೈತಿ ಅದರಾಗ.

ಬ್ಲೆಂಡರ್_ಬಡವ:
14ಕ್ಕೆ ಕೊಡಿ, ನಾಳೆನೇ ಬೆಂಗಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಅಂಗಡಿಗಳಿಗೆ ಹೋಗೋ ಪ್ಲಾನಿತ್ತು, ಕ್ಯಾನ್ಸಲ್ ಮಾಡ್ತೀನಿ.

ರೆಂಡರ್_ರಾಯ:
ಅಲ್ಲೂ ರೇಟ್ ಒಡೆಯೋಕೆ ಬಂದ ನೋಡಿ.