ಅಂತೋನ್ ಹಾಕಿದ ಪೋಸ್ಟರ್, ನಮ್ಮ ಹೈಸ್ಕೂಲ್ ಬ್ಯಾಚಿನ ಗುಂಪಿನಲ್ಲಿ

ಅಂತೋನ್: (ಫಾರ್ವರ್ಡ್ ಆದ ಚಿತ್ರ) "ಇಷ್ಟು ಸಾಕು ಅನ್ನುವುದು ಸೋಮಾರಿಯ ಮಾತು. ದೇವರಿಗೆ ಅರೆಬರೆ ಕೆಲಸ ಬೇಡ. ನಿಮ್ಮ ಸ್ವರ್ಗದ ತಂದೆ ಪರಿಪೂರ್ಣರಾಗಿರುವಂತೆ ನೀವೂ ಪರಿಪೂರ್ಣರಾಗಿರಿ. ಮತ್ತಾಯ 5:48"

ಅಂತೋನ್: ಎಲ್ಲರೂ ಮಕ್ಕಳಿಗೆ ತೋರಿಸಿ. ಭಾನುವಾರ ಧರ್ಮೋಪದೇಶದ ಕ್ಲಾಸಿನಲ್ಲಿ ಇದನ್ನೇ ಗೋಡೆಗೆ ಅಂಟಿಸುತ್ತೇನೆ.

ವಿನಾಯಕ: ಒಳ್ಳೇ ಮಾತು.

ಫಿಲೋಮಿನಾ: ಅಂತೋನ್, ಬೇಜಾರು ಮಾಡ್ಕೋಬೇಡ. ಇದನ್ನು ಮಕ್ಕಳ ಕ್ಲಾಸಿನಲ್ಲಿ ಅಂಟಿಸಬೇಡ ಮಾರಾಯ.

ಅಂತೋನ್: ಯಾಕೆ? ಬೈಬಲಿನ ಮಾತೇ ಅಲ್ವಾ? ನಾನು ಬರೆದದ್ದಲ್ಲ.

ಫಿಲೋಮಿನಾ: ಕೊನೆಯ ಸಾಲು ಬೈಬಲಿನದು. ಮೇಲಿನ ಎರಡು ಸಾಲು ಯಾರದೋ. 48ನೇ ವಚನ ಒಂದನ್ನೇ ಕಿತ್ತು ತಂದು ಅದಕ್ಕೆ ಜೋಡಿಸಿದ್ದಾರೆ. 43ರಿಂದ ಓದು. ಅಲ್ಲಿ ಮಾರ್ಕು, ಕೆಲಸ, ಅಚ್ಚುಕಟ್ಟು ಯಾವುದರ ಮಾತೂ ಇಲ್ಲ. ಶತ್ರುಗಳನ್ನು ಪ್ರೀತಿಸಿ ಅಂತಾರೆ ಯೇಸು. ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಮೂಡಿಸುತ್ತಾರೆ, ಎಲ್ಲರ ಮೇಲೂ ಮಳೆ ಸುರಿಸುತ್ತಾರೆ ಅಂತಾರೆ. ನಮ್ಮ ಜೂನ್ ಮಳೆ ಯಾರ ಗದ್ದೆ ಅಂತ ಕೇಳಿ ಬೀಳುತ್ತದಾ? ಅದಾದ ಮೇಲೆ ಬರುವುದು ಈ ಮಾತು. ಅಂದ್ರೆ ಪ್ರೀತಿ ಮಾಡುವಾಗ ಯಾರನ್ನೂ ಹೊರಗಿಡಬೇಡಿ ಅಂತ. ಅಲ್ಲಿ ಮೂಲದಲ್ಲಿರುವ ಗ್ರೀಕ್ ಪದ ತೆಲಿಯೊಸ್. ಗುರಿ ಮುಟ್ಟಿದ, ಬಲಿತ, ಪೂರ್ತಿ ಬೆಳೆದ ಅಂತ ಅರ್ಥ. ತಪ್ಪೇ ಇಲ್ಲದ ಹಾಳೆ ಅಂತಲ್ಲ. ಲೂಕ 6:36ರಲ್ಲಿ ಇದೇ ಮಾತು ಬರುವಾಗ "ನಿಮ್ಮ ತಂದೆ ದಯಾವಂತರಾಗಿರುವಂತೆ ನೀವೂ ದಯಾವಂತರಾಗಿರಿ" ಅಂತಿದೆ. ಪರಿಪೂರ್ಣ ಅನ್ನುವ ಜಾಗದಲ್ಲಿ ದಯೆ ಇದೆ ನೋಡು.

ವಿನಾಯಕ: ಗ್ರೀಕ್ ನನಗೆ ಗೊತ್ತಿಲ್ಲ ಫಿಲೋಮಿನಾ, ಬೋಟಿನ ಇಂಜಿನ್ ಗೊತ್ತು. ಒಂದು ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ರೆ ಬೈತಖೋಲ ಬಂದರಿನಿಂದ ಹೊರಟ ಬೋಟು ನಡುನೀರಿನಲ್ಲಿ ನಿಲ್ಲುತ್ತದೆ. ಒಳಗೆ ಜನ ಇರುತ್ತಾರೆ. ಇಷ್ಟು ಸಾಕು ಅಂತ ನಾನು ಬಿಟ್ಟರೆ ಸಮುದ್ರ ದಯೆ ತೋರಿಸುತ್ತದಾ?

ಅಂತೋನ್: ಅದೇ ನಾನು ಹೇಳೋದು. ಅನಿಲ, ನೀನು ಹೇಳು. ನಿಮ್ಮ ಕೈಗಾ ಅಣುಸ್ಥಾವರದಲ್ಲಿ "ಅಡ್ಡಿಲ್ಲ ಬಿಡು" ಅಂದ್ರೆ ನಡೆಯುತ್ತದಾ? ಒಂದನೇ ಘಟಕ 962 ದಿನ ಒಂದೇ ಸಮನೆ ಓಡಿದ್ದು ಸುಮ್ನೆ ಆಯ್ತಾ?

ಅನಿಲ: ಈಗ ನೋಡಿದೆ. 962 ದಿನ ಹೌದು, ಆಗ ಅದು ಲೋಕದಾಖಲೆ. 2018ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ್ದು. ಆದ್ರೆ ಅಂತೋನ್, ನಿನ್ನ ಪರವಾಗಿ ಹೇಳಲು ನನಗೆ ಆಗುತ್ತಿಲ್ಲ. ಅಣುಸ್ಥಾವರ ಕಟ್ಟುವುದೇ ಮನುಷ್ಯ ತಪ್ಪು ಮಾಡುತ್ತಾನೆ, ಯಂತ್ರ ಕೈಕೊಡುತ್ತದೆ ಅಂತ ಮೊದಲೇ ಒಪ್ಪಿಕೊಂಡು. ಅದಕ್ಕೇ ಒಂದು ಪಂಪಿನ ಜೊತೆ ಇನ್ನೊಂದು ಪಂಪು, ಕರೆಂಟ್ ಹೋದ್ರೆ ಡೀಸೆಲ್ ಜನರೇಟರ್, ಅದೂ ಒಂದೇ ಅಲ್ಲ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಬೇಕು. ಇಂಥ ಕೆಲಸದಲ್ಲಿ "ಸಾರ್, ನನ್ನಿಂದ ತಪ್ಪಾಯ್ತು" ಅಂತ ಕೂಡಲೇ ಬಂದು ಹೇಳುವವನು ಬೇಕು. ಮರ್ಯಾದೆಗೆ ಹೆದರಿ ಮುಚ್ಚಿಡುವವನೇ ಅಪಾಯ.

ವಿನಾಯಕ: ಅದು ಹೌದು. ನನ್ನ ಕೈಕೆಳಗಿನ ಹುಡುಗ ಒಂದು ಸಲ ಬೋಲ್ಟ್ ಮುರಿದು, ನಾನು ಬೈತೇನೆ ಅಂತ ಹೇಳದೇ ಬಿಟ್ಟಿದ್ದ. ಬೋಟು ಹೊರಡುವ ಹಿಂದಿನ ರಾತ್ರಿ ನನ್ನ ಕಣ್ಣಿಗೆ ಬಿತ್ತು. ಬಚಾವ್.

ಗೀತಾ: ಶಿರಸಿಯಲ್ಲಿ ಕ್ಲಾಸಿನಲ್ಲಿ ದಿನಾ ನೋಡುತ್ತೇನೆ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತು ಮಾಡುವ ಮಕ್ಕಳು. ಬುದ್ಧಿವಂತರೇ. ಉತ್ತರ ಗೊತ್ತಿದ್ರೂ ಕೈ ಎತ್ತುವುದಿಲ್ಲ. ಇದು ನಿಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡ ಫಿಲೋಮಿನಾ. ನಮ್ಮ ದೊಡ್ಡತ್ತೆ ಮಡಿ ಕೆಟ್ಟಿತು ಅಂತ ಮಳೆಗಾಲದಲ್ಲೂ ಮೂರು ಮೂರು ಸಲ ಮಿಂದು ಜ್ವರ ತರಿಸಿಕೊಳ್ಳುತ್ತಿದ್ರು. ಅವರ ಪೂಜೆ ಮುಗಿಯುವವರೆಗೆ ಮಕ್ಕಳೆಲ್ಲ ಹೆದರಿ ಹಿತ್ತಲಲ್ಲಿ ಕೂರುತ್ತಿದ್ದೆವು.

ಅಂತೋನ್: ಶಿಸ್ತು ಬೇರೆ, ಹೆದರಿಕೆ ಬೇರೆ. ಕೃಪೆ ಕೃಪೆ ಅಂತ ಎಲ್ಲ ಸಡಿಲ ಬಿಟ್ಟರೆ ಮಕ್ಕಳು ಮೊಬೈಲ್ ಹಿಡಿದು ಕೂರುತ್ತಾರೆ ಅಷ್ಟೇ. ಯೇಸು ಹೇಳಿದ ತಲಾಂತಿನ ಸಾಮತಿ, ಆ ನೀತಿಕಥೆ, ಮರೆತೆಯಾ? ಯಜಮಾನ ಕೊಟ್ಟ ಹಣದಲ್ಲಿ ಏನೂ ಮಾಡದೇ ಕೂತ ಆಳಿಗೆ ಯಜಮಾನ ಮೈಗಳ್ಳ ಅಂತಲೇ ಬೈದ.

ಫಿಲೋಮಿನಾ: ಒಳ್ಳೇ ಸಾಮತಿ ತಂದೆ. ಅವನು ಯಾಕೆ ಏನೂ ಮಾಡಲಿಲ್ಲ ಅನ್ನೋದು ಅವನ ಬಾಯಲ್ಲೇ ಇದೆ, ಮತ್ತಾಯ 25:25. ಹೆದರಿದೆ, ಹೋಗಿ ನೆಲದಲ್ಲಿ ಹೂತಿಟ್ಟೆ ಅಂತಾನೆ. ಯಜಮಾನ ಕಠಿಣ ಮನುಷ್ಯ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ನಿನ್ನ ಪೋಸ್ಟರ್ ಮಕ್ಕಳ ತಲೆಯಲ್ಲಿ ಕೂರಿಸುವುದೂ ಅದನ್ನೇ. ಹೊರಗಿನವರಿಗೆ ಸೋಮಾರಿತನ ಕಾಣುತ್ತದೆ, ಒಳಗೆ ಹೆದರಿಕೆ.

ಫಿಲೋಮಿನಾ: ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಓದಿ.

ಎರಡು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ನೆವ್ರಿ ಮಾಡುತ್ತಿದ್ದೆವು. ಗೀತಾ, ನಿಮ್ಮ ಕರ್ಜಿಕಾಯಿಯ ಹಾಗೇ. ಅಂಚು ಸರಿಯಾಗಿ ಒತ್ತದಿದ್ರೆ ಎಣ್ಣೆಯಲ್ಲಿ ಬಾಯಿ ಬಿಟ್ಟು ಕಾಯಿ, ಸಕ್ಕರೆ ಎಲ್ಲ ಹೊರಗೆ, ಎಣ್ಣೆ ಕಪ್ಪು. ಮಗಳು ಪಕ್ಕದಲ್ಲಿ ಕೂತು ಅಂಚು ಮಡಚುತ್ತಿದ್ದಳು. ಅವಳ ಮಡಿಕೆ ದಪ್ಪ, ಸ್ವಲ್ಪ ಓರೆ. ನಾನು ಒಂದು ಮಾತೂ ಬೈಯಲಿಲ್ಲ. ಅವಳು ನೀರು ಕುಡಿಯಲು ಎದ್ದು ಹೋದಾಗ ಅವಳು ಮಾಡಿದ್ದನ್ನೆಲ್ಲ ಬಿಚ್ಚಿ, ಮತ್ತೆ ಸಣ್ಣಗೆ ಮಡಚಿ, ಅದೇ ತಟ್ಟೆಯಲ್ಲಿ ಅದೇ ಸಾಲಿನಲ್ಲಿ ಇಟ್ಟೆ. ತಲೆ ಎತ್ತಿದ್ರೆ ಬಾಗಿಲಲ್ಲಿ ನಿಂತಿದ್ದಳು, ಲೋಟ ಕೈಯಲ್ಲೇ ಇತ್ತು. ಏನೂ ಹೇಳಲಿಲ್ಲ. ಕೈ ತೊಳೆದು ಕೋಣೆಗೆ ಹೋದಳು. ಮುಂದಿನ ಕ್ರಿಸ್‌ಮಸ್‌ಗೆ ಕರೆದ್ರೆ "ನೀನೇ ಮಾಡಮ್ಮ, ನಂದು ಸರಿ ಬರೋದಿಲ್ಲ" ಅಂದಳು.

ಆಮೇಲೆ ಒಂದು ದಿನ ಅವಳ ಕೋಣೆ ಗುಡಿಸುವಾಗ ಮಂಚದ ಅಡಿಯಲ್ಲಿ ಹರಿದ ಹಾಳೆಗಳು ಸಿಕ್ಕಿದವು. ಪಿಯುಸಿ ಪ್ರಾಕ್ಟಿಕಲ್ ರೆಕಾರ್ಡಿನ ಒಂದೇ ಪುಟ, ಹನ್ನೊಂದು ಸಲ ಬರೆದದ್ದು. ನೆಲದ ಮೇಲೆ ಹರಡಿಕೊಂಡು ಕೂತು ಎಣಿಸಿದೆ. ಒಂದರಲ್ಲಿ ಒಂದು ಅಕ್ಷರ ತಿದ್ದಿತ್ತು. ಇನ್ನೊಂದರಲ್ಲಿ ಪೆನ್ಸಿಲ್ ಗೆರೆ ಎಳ್ಳಿನಷ್ಟು ಆಚೆ ಹೋಗಿತ್ತು. ಮೂರ್ನಾಲ್ಕರಲ್ಲಿ ನನಗೆ ಏನು ತಪ್ಪು ಅಂತಲೇ ಗೊತ್ತಾಗಲಿಲ್ಲ. ಇದನ್ನು ಯಾರಿಂದ ಕಲಿತಳು ಅನ್ನೋದು ಮಾತ್ರ ಗೊತ್ತಾಯ್ತು.

ಕುಮ್ಸಾರಿಗೆ, ಅಂದ್ರೆ ಫಾದರ್ ಮುಂದೆ ಪಾಪ ಒಪ್ಪಿಕೊಳ್ಳಲು, ಹೋಗಿ ಇದನ್ನೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ಏನಾದ್ರೂ ಬಿಟ್ಟೆನಾ ಅಂತ ಹೆದರಿ ಮತ್ತೆ ಮೊದಲಿಂದ ಶುರು ಮಾಡಿದೆ. ಫಾದರ್ ತಡೆದು ಸಂತ ಇಗ್ನೇಷಿಯಸ್ ಲೊಯೋಲಾ ಅವರ ಕಥೆ ಹೇಳಿದ್ರು. 1522ರಲ್ಲಿ ಅವರು ಸ್ಪೇನಿನ ಮೊಂಟ್ಸೆರಾಟಿನಲ್ಲಿ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದು, ಮೂರು ದಿನ ಕುಮ್ಸಾರ್ ಮಾಡಿದ್ರು. ಆದ್ರೂ ಮನ್ರೇಸಾ ಊರಿಗೆ ಬಂದ ಮೇಲೆ ಏನೋ ಬಿಟ್ಟುಹೋಗಿದೆ ಅನ್ನುವ ಕಾಟ. ಮತ್ತೆ ಹೇಳಿದ್ರು, ಮತ್ತೆ ಹೇಳಿದ್ರು, ಸಮಾಧಾನ ಇಲ್ಲ. ಊಟ ಬಿಟ್ಟು ವಾರ ಕೂತರು. ಜೀವ ಕಳೆದುಕೊಳ್ಳುವ ಯೋಚನೆವರೆಗೂ ಹೋಯ್ತು. ಗುರುಗಳು ಮೊದಲು ಊಟ ಮಾಡು ಅಂದ್ರು. ಕೊನೆಗೆ ಹಳೆಯದನ್ನು ಇನ್ನು ಮತ್ತೆ ಹೇಳುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ ಮೇಲೆಯೇ ಅವರಿಗೆ ಬಿಡುಗಡೆ ಆದದ್ದು. ಅದನ್ನು ದೇವರ ಕರುಣೆ ಅಂತಲೇ ಅವರು ತಿಳಿದರು. ಡಿಸೆಂಬರ್ 3ಕ್ಕೆ ಹಳೇ ಗೋವಾಕ್ಕೆ ಸಾಯ್ಬಾನ ಹಬ್ಬಕ್ಕೆ ಹೋಗುತ್ತೀಯಲ್ಲ ಅಂತೋನ್, ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇವರ ಜೊತೆಗಾರರೇ. ಇಗ್ನೇಷಿಯಸ್ ತಮ್ಮ ಪಾಪದ ಲೆಕ್ಕ ಸರಿ ಆಗಲಿ ಅಂತಲೇ ಕೂತಿದ್ರೆ ಯಾರನ್ನೂ ಎಲ್ಲಿಗೂ ಕಳಿಸುತ್ತಿರಲಿಲ್ಲ.

ಅಂತೋನ್: ಈ ಕಥೆ ನನಗೆ ಗೊತ್ತಿರಲಿಲ್ಲ.

ಅಂತೋನ್: ಹಾಗಾದ್ರೆ ಮಕ್ಕಳಿಗೆ ಏನು ಹೇಳಬೇಕು? ಹೇಗಿದ್ರೂ ನಡೆಯುತ್ತದೆ ಅಂತಲಾ?

ಫಿಲೋಮಿನಾ: ಇಲ್ಲ. ಓದಬೇಕು, ದುಡಿಯಬೇಕು, ವಿನಾಯಕನ ಗ್ಯಾಸ್ಕೆಟ್ ಸರಿಯಾಗಿಯೇ ಕೂರಬೇಕು. ಅವನು ಅದನ್ನು ಮಾಡುವುದು ಬೋಟಿನಲ್ಲಿರುವ ಜನರಿಗಾಗಿ. ನಾನು ನೆವ್ರಿ ಬಿಚ್ಚಿದ್ದು ಯಾರಿಗಾಗಿ? ತಿನ್ನುವವರು ಯಾರೂ ಅಂಚು ಎಣಿಸುತ್ತಿರಲಿಲ್ಲ. ಸಂತ ಪೌಲನೇ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆಯುವಾಗ, ಫಿಲಿಪ್ಪಿ 3:12, ನಾನು ಆಗಲೇ ಪರಿಪೂರ್ಣನಾದೆ ಅಂತಲ್ಲ, ಮುಂದೆ ಓಡುತ್ತಿದ್ದೇನೆ ಅಂತಾನೆ. ಓಡುತ್ತಾ ಇದ್ದಾನೆ ನೋಡು, ಕೂತಿಲ್ಲ. ಮಗಳಿಗೆ ಈಗ ಇಷ್ಟೇ ಹೇಳಿದ್ದೇನೆ, ತಪ್ಪಾದ್ರೆ ಒಂದು ಗೆರೆ ಹೊಡೆದು ಮುಂದೆ ಬರೆ, ಹಾಳೆ ಹರಿಯಬೇಡ. ನಾನೂ ಇಗರ್ಜಿಯಲ್ಲಿ ಪೀಠದ ಹೂವು ಒಮ್ಮೆ ಇಟ್ಟ ಮೇಲೆ ಮತ್ತೆ ಮುಟ್ಟುವುದಿಲ್ಲ. ಮೊದಲ ಎರಡು ಭಾನುವಾರ ಬೆಂಚಿನಲ್ಲಿ ಕೂತು ಬಲಿಪೂಜೆ ಪೂರ್ತಿ ಆ ಓರೆ ಗುಲಾಬಿಯನ್ನೇ ನೋಡುತ್ತಿದ್ದೆ. ಮೂರನೇ ವಾರ ಪ್ರಸಂಗ ಕಿವಿಗೆ ಬಿತ್ತು.

ಗೀತಾ: ಅಂತೋನ್, ಮಗನದು ಎಸ್ಸೆಸ್ಸೆಲ್ಸಿ ರಿಸಲ್ಟ್ ಏನಾಯ್ತು? ಹೇಳಲೇ ಇಲ್ಲ.

ಅಂತೋನ್: 625ಕ್ಕೆ 603.

ಗೀತಾ: ಅಷ್ಟೊಂದು ಬಂದಿದೆ, ಮತ್ತೆ ಸುಮ್ಮನಿದ್ದೀಯಲ್ಲ!

ಅಂತೋನ್: 615 ದಾಟುತ್ತಾನೆ ಅಂತ ಎಲ್ಲರಿಗೂ ಹೇಳಿಟ್ಟಿದ್ದೆ. ರಿಸಲ್ಟ್ ನೋಡಿ ನಾನು ಮೊದಲು ಕೇಳಿದ್ದು "ಗಣಿತದಲ್ಲಿ ಎಲ್ಲಿ ಹೋಯ್ತು?" ಅಂತ.

ಅಂತೋನ್: ಈ ಪೋಸ್ಟರ್ ಇಲ್ಲಿಗಿಂತ ಮೊದಲು ನಮ್ಮ ಮನೆ ಗುಂಪಿಗೆ ಹಾಕಿದ್ದೆ. ಈಗ ಅಳಿಸಿದೆ. ಆದ್ರೆ ಅವನು ನೋಡಿಯಾಗಿದೆ, ನೀಲಿ ಟಿಕ್ ಬಂದಿತ್ತು. ಮಧ್ಯಾಹ್ನದಿಂದ ಬಾಗಿಲು ಹಾಕಿಕೊಂಡಿದ್ದಾನೆ.

ಫಿಲೋಮಿನಾ: ಫೋನ್ ಕೆಳಗಿಟ್ಟು ಎದ್ದು ಹೋಗು.

ಅಂತೋನ್: ಹೋಗಿ ಏನು ಹೇಳಲಿ?

ಫಿಲೋಮಿನಾ: ಹಾಗೆ ಕೇಳಿದ್ದು ನನ್ನದೇ ತಪ್ಪು ಮಗಾ ಅಂತ ಹೇಳು. ವಚನ ಹೇಳಬೇಡ. ಊಟಕ್ಕೆ ಕರೆ.

ವಿನಾಯಕ: ಬಂದ್ರೆ ನಾಳೆ ಬೆಳಿಗ್ಗೆ ಜೆಟ್ಟಿಗೆ ಕಳಿಸು. ಒಂದು ಇಂಜಿನ್ ಬಿಚ್ಚಿಟ್ಟಿದ್ದೇನೆ. ಹೋದ ವರ್ಷದಿಂದ ನೋಡಬೇಕು ಅಂತಿದ್ದ.

ಅಂತೋನ್: ಬಾಗಿಲು ತೆಗೆದ. ಬಂಗಡೆ ಸಾರು ಬಿಸಿಗೆ ಇಟ್ಟಿದ್ದೇನೆ. ವಿನಾಯಕ, ಎಷ್ಟು ಗಂಟೆಗೆ ಬರಬೇಕು ಅಂತ ಕೇಳುತ್ತಿದ್ದಾನೆ.

ವಿನಾಯಕ: ಏಳಕ್ಕೆ. ಹಳೇ ಬಟ್ಟೆ ಹಾಕಿಕೊಂಡು ಬರಲಿ.