ಲೀ-ಎನ್‌ಫೀಲ್ಡ್ ಬಟ್ ಮೇಲೆ ಕೆ.ಜಿ.ಎಫ್. ವಾಲಂಟಿಯರ್ ಮುದ್ರೆ: ಅಸಲಿಯೋ ನಕಲಿಯೋ?

ಉರಿಗಾಂ_ಓದುಗ (ಕೆ.ಜಿ.ಎಫ್.)

ಎಲ್ಲರಿಗೂ ನಮಸ್ಕಾರ. ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಬ್ರಿಟಿಷರ ಕಾಲದ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಬಟ್, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ, ಮಾರಾಟಕ್ಕಿದೆ. ಮರ ಮತ್ತು ಹಿಂದಿನ ಹಿತ್ತಾಳೆ ಬಟ್ ಪ್ಲೇಟ್ ಮಾತ್ರ. ನಳಿಗೆ, ಬೋಲ್ಟು ಯಾವುದೂ ಇಲ್ಲ. ಬಲಮಗ್ಗುಲಲ್ಲಿ ಹಿತ್ತಾಳೆ ಬಿಲ್ಲೆ. ಅದರಲ್ಲಿ ಮೇಲೆ ಕೆ.ಜಿ.ಎಫ್.ವಿ. (ಕೆ.ಜಿ.ಎಫ್. ವಾಲಂಟಿಯರ್), ನಡುವೆ 3.26, ಕೆಳಗೆ 88. ಬಿಲ್ಲೆಯ ಮುಂದೆ ಮರದ ಮೇಲೆಯೇ ಕಿರೀಟ, ಜಿ.ಆರ್.ಐ. (ದೊರೆ-ಚಕ್ರವರ್ತಿ ಜಾರ್ಜ್ ಎಂಬುದರ ಲ್ಯಾಟಿನ್ ಚುಟುಕು), ಇಶಾಪುರ್ (ಬಂಗಾಳದ ರೈಫಲ್ ಕಾರ್ಖಾನೆ), 1917, ನಂ. 1 ಮಾರ್ಕ್ 3 ಎಂದು ಐದು ಸಾಲು. ಎಡಮಗ್ಗುಲಲ್ಲಿ ಒಂದು ಬಾಣದ ಗುರುತು, ಮೇಲಂಚಿನಲ್ಲಿ ಸಣ್ಣದಾಗಿ ಎಸ್ ಅಕ್ಷರ. ಐದು ಸಾಲಂತೂ ನಿನ್ನೆ ಹೊಡೆದಷ್ಟು ಸ್ಪಷ್ಟ.

18,000 ರೂಪಾಯಿ ಹೇಳ್ತಿದ್ದಾರೆ. ಮುದ್ರೆ ಇಲ್ಲದ ಇಂಥದ್ದೇ ಇನ್ನೊಂದಕ್ಕೆ ಅದೇ ಅಂಗಡಿಯಲ್ಲಿ 2,500. ಅಂದರೆ ಮಿಕ್ಕ ದುಡ್ಡೆಲ್ಲ ಮುದ್ರೆಯ ಬೆಲೆ. ಅಂಗಡಿಯಲ್ಲೇ ನಿಂತು ಏನೇನು ನೋಡಬಹುದು? ಇಟ್ಟುಕೊಳ್ಳೋದಕ್ಕೆ ಕಾನೂನಿನ ತೊಡಕಿದೆಯಾ?

ಹಳೇಠಸ್ಸೆ (ಚಿಕ್ಕಬಳ್ಳಾಪುರ)

ಮರ ಮುಟ್ಟುವ ಮೊದಲು ಓದಿ ನೋಡಿ. ನೀವು ಬರೆದಷ್ಟರಲ್ಲೇ ಮೂರು ಕಡೆ ಎಡವಟ್ಟಿದೆ.

ಮೊದಲನೆಯದು ಜಾಗ. ಕಿರೀಟ, ಜಿ.ಆರ್.ಐ., ಕಾರ್ಖಾನೆಯ ಹೆಸರು, ವರ್ಷ, ಮಾದರಿ, ಇವೆಲ್ಲ ಒಂದರ ಕೆಳಗೊಂದು ಬರುವುದು ಬಟ್ ಕೂರುವ ಕಬ್ಬಿಣದ ಸಾಕೆಟ್ಟಿನ ಬಲಮಗ್ಗುಲಲ್ಲಿ. ಅದು ಮರಕ್ಕೆ ಸೇರಿದ್ದಲ್ಲ. ಮರದ ಮೇಲೆ ಕಾರ್ಖಾನೆಯ ದುಂಡು ಮುದ್ರೆ, ತಪಾಸಣೆಗಾರರ ಸಣ್ಣ ಗುರುತು, ಅಳತೆಯ ಅಕ್ಷರ, ದಳದ ಗುರುತು ಇರಬಹುದು. ಮಾದರಿಯ ಹೆಸರು ಇರುವುದಿಲ್ಲ. ಯಾರೋ ಸಾಕೆಟ್ಟಿನ ಫೋಟೋ ನೋಡಿಕೊಂಡು ಮರಕ್ಕೆ ಇಳಿಸಿದ್ದಾರೆ.

ಎರಡನೆಯದು ನಂ. 1. ಈ ಎಣಿಕೆ ಶುರುವಾದದ್ದು 1926ರಲ್ಲಿ. ಅದಕ್ಕೂ ಮೊದಲು ಇದೇ ರೈಫಲ್ 'ಶಾರ್ಟ್ ಲೀ-ಎನ್‌ಫೀಲ್ಡ್'. ಸಾಕೆಟ್ಟಿನ ಮೇಲೆ ಅದನ್ನು ಚುಟುಕಾಗಿಸಿ ಎಸ್‌ಎಚ್‌ಟಿ ಎಲ್‌ಇ ಎಂದು ಹೊಡೆದು, ಕೆಳಗೆ ರೋಮನ್ ಅಂಕಿಯಲ್ಲಿ ಮೂರು ಹಾಕುತ್ತಿದ್ದರು. 1917ರ ಜೊತೆ ನಂ. 1 ಕೂರುವುದೇ ಇಲ್ಲ. ಇದೊಂದೇ ಸಾಕು.

ಮೂರನೆಯದು ನಮ್ಮೂರ ಕಡೆಯದು, ಅದಕ್ಕೇ ಹೆಚ್ಚು ಬೇಸರ. ಕೆ.ಜಿ.ಎಫ್.ನಲ್ಲಿ ವಾಲಂಟಿಯರ್ ದಳ, ಅಂದರೆ ಬಿಡುವಿನಲ್ಲಿ ಕವಾಯತು ಮಾಡುವ ನಾಗರಿಕರ ಪಡೆ, ಇದ್ದದ್ದು ನಿಜ. ಆದರೆ 1917ರಲ್ಲಿ ದೇಶದ ವಾಲಂಟಿಯರ್ ದಳಗಳನ್ನೆಲ್ಲ ಇಂಡಿಯನ್ ಡಿಫೆನ್ಸ್ ಫೋರ್ಸ್‌ಗೆ ಸೇರಿಸಿದರು. 1920ರ ಕಾಯ್ದೆಯ ನಂತರ ಅದು ಆಕ್ಸಿಲಿಯರಿ ಫೋರ್ಸ್ (ಇಂಡಿಯಾ), ಅಂದರೆ ಎ.ಎಫ್.ಐ.; ಕೆ.ಜಿ.ಎಫ್. ದಳವೂ ಅದರ ಬೆಟಾಲಿಯನ್ನೇ ಆಯಿತು. ಬಿಲ್ಲೆಯ ಮೇಲಿನ 3.26 ಅಂದರೆ 1926ರ ಮಾರ್ಚ್‌ನಲ್ಲಿ ದಳಕ್ಕೆ ಕೊಟ್ಟದ್ದು, 88 ದಳದೊಳಗಿನ ಸಂಖ್ಯೆ. ಆ ಹೊತ್ತಿಗೆ ವಾಲಂಟಿಯರ್ ಎಂಬ ಹೆಸರು ಹೋಗಿ ವರ್ಷಗಳೇ ಆಗಿದ್ದವು. ದಳದ ಹೆಸರು, ತಿಂಗಳು, ಸಂಖ್ಯೆ ಒಂದೇ ಸಲ ಹೊಡೆಯುವಂಥವು, ಹಾಗಾಗಿ 'ಹಳೆ ಬಿಲ್ಲೆ, ಹೊಸ ದಿನಾಂಕ' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಬಾಣದ ಗುರುತು ಸರ್ಕಾರಿ ಸ್ವತ್ತಿನದು. ಭಾರತದ್ದಾದರೆ ಜೊತೆಗೆ ಐ ಅಕ್ಷರ ಸಾಮಾನ್ಯ. ಎರಡು ಬಾಣ ತುದಿಗೆ ತುದಿ ತಾಗಿದ್ದರೆ ಸೇನೆಯಿಂದ ಮಾರಿದ್ದು ಎಂದರ್ಥ. ಒಂಟಿ ಬಾಣದಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಅಂದಹಾಗೆ, ಬ್ರಿಟನ್ನಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ನಡುವೆಯೇ ಕೆಲಸ ಹಗುರ ಮಾಡಿಕೊಳ್ಳಲು ಬಿಲ್ಲೆ ಕೈಬಿಟ್ಟವು. ಬಟ್‌ಗಳು ರಿಪೇರಿಯಲ್ಲಿ ಅದಲುಬದಲಾಗುತ್ತಿದ್ದರಿಂದ, ಬಿಲ್ಲೆ ಇದೆ ಅಥವಾ ಇಲ್ಲ ಅನ್ನುವುದರಿಂದಲೂ ಏನೂ ಸಾಬೀತಾಗುವುದಿಲ್ಲ.

ಮರಗೆಲಸ_ತುಮಕೂರು

ಮೇಲಿನವರು ಅಕ್ಷರ ನೋಡಿದ್ದಾರೆ, ನಾನು ಮರದ ಕಡೆಯಿಂದ ಹೇಳ್ತೀನಿ. ಸಂಗ್ರಹಕಾರರ ಸಂತೆಗೆ ಬರುವ ನಕಲಿಗಳಲ್ಲಿ ಮರ ಬಹುಮಟ್ಟಿಗೆ ಅಸಲಿಯೇ ಇರುತ್ತೆ, ಮುದ್ರೆ ಮಾತ್ರ ಹೊಸದು. ಆದ್ದರಿಂದ 'ಮರ ಎಷ್ಟು ಹಳೇದು ನೋಡಿ' ಅಂತ ಅಂಗಡಿಯವರು ಅಂದರೆ ಅದು ಮುದ್ರೆಗೆ ಸಾಕ್ಷಿಯಲ್ಲ.

ಹತ್ತು ಪಟ್ಟಿನ ಭೂತಗನ್ನಡಿ, ಸಣ್ಣ ಟಾರ್ಚು, ತೆಳು ಕಾಗದ, ಪೆನ್ಸಿಲ್, ಅಗಲ ಬಾಯಿಯ ಸ್ಕ್ರೂಡ್ರೈವರ್ ಒಯ್ಯಿರಿ. ಅಂಗಡಿಯ ಕತ್ತಲೆ ಮೂಲೆಗೆ ಹೋಗಿ ಟಾರ್ಚನ್ನು ಮರಕ್ಕೆ ಹತ್ತಿರತ್ತಿರ ಮಲಗಿಸಿ, ಬೆಳಕು ಅಡ್ಡಡ್ಡ ಹಾಯುವಂತೆ ಹಿಡಿಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಆಳ ಕಾಣೋದಿಲ್ಲ.

ಉಕ್ಕಿನ ಠಸ್ಸೆಯನ್ನು ಸುತ್ತಿಗೆಯಿಂದ ಹೊಡೆದಾಗ ಮರದ ಎಳೆ ಕತ್ತರಿಸೋದಿಲ್ಲ, ಒಳಕ್ಕೆ ಬಗ್ಗುತ್ತೆ: ಬೆಣ್ಣೆಗೆ ಬೆರಳೊತ್ತಿದ ಹಾಗೆ ಅಂಚು ಇಳಿಜಾರಾಗಿ ಒಳಗಿಳಿದಿರುತ್ತೆ. ಗೆರೆಯ ತಳದಲ್ಲೂ ಎಳೆ ತುಂಡಾಗದೆ ಸಾಗಿರೋದು ಭೂತಗನ್ನಡಿಯಲ್ಲಿ ಕಾಣುತ್ತೆ. ಲೇಸರಿನಲ್ಲಿ ಕೆತ್ತಿದ್ದಾದರೆ ತಳ ಚಪ್ಪಟೆ, ಗೋಡೆ ನೆಟ್ಟಗೆ, ಅಂಚಿನಲ್ಲಿ ಸುಟ್ಟ ಕಂದು ಬಣ್ಣ. ಯಂತ್ರದ ಉಳಿಯಲ್ಲಿ ಕೊರೆದದ್ದರಲ್ಲಿ ಎಳೆ ಕಡಿದಿರುತ್ತೆ, ಅಕ್ಷರದ ಒಳಮೂಲೆಗಳು ಚೂಪಾಗದೆ ದುಂಡಗಿರುತ್ತವೆ. ಹೊಸ ಠಸ್ಸೆಯನ್ನೇ ಹಳೆ ಮರಕ್ಕೆ ಹೊಡೆದಿದ್ದರೂ ಗೊತ್ತಾಗುತ್ತೆ. ಒಣಗಿ ಗಟ್ಟಿಯಾದ ಮರ ಬಗ್ಗದೆ ಅಂಚಿನಲ್ಲಿ ಸಣ್ಣ ಸಣ್ಣ ಚೂರಾಗಿ ಏಳುತ್ತೆ.

ಆಳವನ್ನೂ ನೋಡಿ. ಬಟ್‌ನ ಮಗ್ಗುಲು ಉಬ್ಬು, ಠಸ್ಸೆಯ ಮುಖ ಚಪ್ಪಟೆ. ಹಾಗಾಗಿ ಅಸಲಿ ದುಂಡು ಮುದ್ರೆ ನಡುವೆ ಆಳ, ಸುತ್ತ ಮಸುಕು, ಕೆಲವೊಮ್ಮೆ ಒಂದು ಕಡೆ ಮೂಡಿಯೇ ಇರೋದಿಲ್ಲ. ಐದೂ ಸಾಲು ತುದಿಯಿಂದ ತುದಿಗೆ ಒಂದೇ ಆಳ ಅಂದರೆ ಯಂತ್ರದ ಕೈವಾಡ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಇದು ಎರಡು ನಿಮಿಷದಲ್ಲಿ ಕಾಣುತ್ತೆ, ಮನೆಗೆ ತಂದು ನೋಡಲು ದಾಖಲೆಯೂ ಆಗುತ್ತೆ.

ನನ್ನ ಮಟ್ಟಿಗೆ ಬಲವಾದ ಸಾಕ್ಷಿ ಗಾಯಗಳದು. ಹಳೆ ಬಟ್ ಮೇಲೆ ಗೀರು, ತಗ್ಗು ಇದ್ದೇ ಇರುತ್ತವೆ. ಮುದ್ರೆ ಮೊದಲಿನದಾದರೆ ಗೀರು ಅಕ್ಷರದ ಮೇಲೆ ಹಾದು ಅಂಚನ್ನು ಕೆಡಿಸಿರುತ್ತೆ. ಗೀರಿನ ಮೇಲೆ ಅಕ್ಷರ ಕೂತಿದ್ದರೆ ಮುದ್ರೆ ಆಮೇಲಿನದು.

ಬಟ್ ಪ್ಲೇಟ್ ಅಂಚಿನಲ್ಲಿ ಉಗುರು ಆಡಿಸಿ. ಉಜ್ಜದ ಮರ ಲೋಹಕ್ಕೆ ಸಮ ಅಥವಾ ಕೂದಲೆಳೆ ಎತ್ತರ. ಲೋಹವೇ ಉಗುರಿಗೆ ತಡೆದರೆ ಯಾರೋ ಸ್ಯಾಂಡ್ ಪೇಪರ್ ಹಾಕಿ ಇಳಿಸಿದ್ದಾರೆ. ಹಾಗೆ ಇಳಿಸಿದ ಮರದಲ್ಲಿ ಹಳೆ ಮುದ್ರೆ ತೆಳುವಾಗಬೇಕು. ಆಳವಾಗಿ ಚೂಪಾಗಿ ಉಳಿದಿದ್ದರೆ ಲೆಕ್ಕ ತಪ್ಪುತ್ತೆ.

ಬಣ್ಣಕ್ಕೆ ಮೋಸ ಹೋಗಬೇಡಿ. ಅಕ್ಷರದೊಳಗೆ ಬೂಟ್ ಪಾಲಿಶ್, ಸುಟ್ಟ ಇಂಜಿನ್ ಆಯಿಲ್ ತುಂಬಿ ಕಪ್ಪಾಗಿಸ್ತಾರೆ. ಹತ್ತಿಯ ತುದಿಗೆ ಒಂದು ತೊಟ್ಟು ಟರ್ಪೆಂಟೈನ್ ಹಾಕಿ ಒಂದು ಮೂಲೆಗೆ ಒತ್ತಿ. ಕೂಡಲೇ ಕಪ್ಪು ಬಿಟ್ಟರೆ ಅದು ಇತ್ತೀಚಿನದು. ಹಳೆ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗಿರೋದರಿಂದ ಅಷ್ಟು ಸುಲಭಕ್ಕೆ ಬಿಡೋದಿಲ್ಲ. ನೋಟು ನೋಡುವ ನೇರಳಾತೀತ ಟಾರ್ಚ್ ಇದ್ದರೆ ಅದನ್ನೂ ಹಾಯಿಸಿ. ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತೆ. ಸೇನೆಯ ಬಟ್‌ಗೆ ಹಾಕ್ತಿದ್ದದ್ದು ಅಗಸೆ ಎಣ್ಣೆ, ಅರಗಲ್ಲ.

ಕೊನೆಗೆ ಬಿಲ್ಲೆ. ನಡುವೆ ಒಂದೇ ಸ್ಕ್ರೂ. ಅಂಗಡಿಯವರ ಒಪ್ಪಿಗೆ ಪಡೆದು ಬಿಚ್ಚಿ. ಹಳೆ ಗುಳಿಯ ತಳದಲ್ಲಿ ಎಣ್ಣೆ ಇಂಗಿ, ಬಿಲ್ಲೆಯ ಅಂಚಿನ ನೆರಳು ಉಂಗುರದಂತೆ ಬಿದ್ದಿರುತ್ತೆ. ಬಿಳಿ ಮರ, ಅಂಟು ಅಥವಾ ಹೊಳೆಯುವ ಹೊಸ ಸ್ಕ್ರೂ ಕಂಡರೆ ಮಾತು ಮುಗಿಸಿ.

ಉರಿಗಾಂ_ಓದುಗ (ಕೆ.ಜಿ.ಎಫ್.)

ಹೋಗಿ ನೋಡಿದೆ. ಐದೂ ಸಾಲು ಒಂದೇ ಆಳ, ತಳ ಚಪ್ಪಟೆ, ಕಿರೀಟದ ಅಂಚಿನಲ್ಲಿ ಕಂದು. ಒಂದು ಉದ್ದ ಗೀರು 1917ರ 9ರ ಹತ್ತಿರ ಬಂದು ಅಕ್ಷರದ ಗುಳಿಯೊಳಗೆ ಇಳಿಯದೆ ಆಚೆ ಕಡೆ ಮುಂದುವರಿದಿದೆ. ಗುಳಿಯ ತಳದಲ್ಲಿ ಗೀರಿನ ಸುಳಿವಿಲ್ಲ. ಬಿಲ್ಲೆ ಬಿಚ್ಚಲು ಒಪ್ಪಲಿಲ್ಲ. ಆದರೆ ಬಾಣ ಮತ್ತು ಎಸ್ ಎರಡೂ ಇಳಿಜಾರು ಅಂಚಿನವು, ಸವೆದಿವೆ, ಎಸ್ ಮೇಲೆ ತಗ್ಗೊಂದು ಬಿದ್ದಿದೆ.

ಮರಗೆಲಸ_ತುಮಕೂರು

ಹಾಗಾದರೆ ಬಟ್ ಅಸಲಿ, ಬರಹ ನಕಲಿ. ಎಸ್ ಅಂದರೆ ಶಾರ್ಟ್: ಸಾಮಾನ್ಯ ಅಳತೆಗಿಂತ ಅರ್ಧ ಇಂಚು ಗಿಡ್ಡ. ಎಲ್ ಇದ್ದರೆ ಅರ್ಧ ಇಂಚು ಉದ್ದ, ಬಿ ಇದ್ದರೆ ಒಂದು ಇಂಚು ಗಿಡ್ಡ. ಪಕ್ಕದಲ್ಲಿರುವ 2,500ರ ಬಟ್‌ಗೆ ಅಳತೆಯ ಅಕ್ಷರ ಇಲ್ಲದಿದ್ದರೆ ಎರಡನ್ನೂ ಜೊತೆಗಿಟ್ಟು ನೋಡಿ, ಅರ್ಧ ಇಂಚಿನ ವ್ಯತ್ಯಾಸ ಬರಬೇಕು.

ಕೊಂಡರೂ ನಕಲಿ ಸಾಲನ್ನು ಉಜ್ಜಿ ತೆಗೆಯೋಕೆ ಹೋಗಬೇಡಿ, ಅಷ್ಟು ಆಳ ಇಳಿಸಿದರೆ ಬಟ್‌ನ ಆಕಾರವೇ ಕೆಡುತ್ತೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತುವ ಉಪಾಯವೂ ಇಲ್ಲಿ ನಡೆಯಲ್ಲ. ಆವಿಗೆ ಬಗ್ಗಿದ ಎಳೆ ಮೇಲೇಳುತ್ತೆ, ಕಡಿದ ಎಳೆ ಏಳೋದಿಲ್ಲ. ಅಂದರೆ ನಕಲಿ ಉಳಿದು ಅಸಲಿ ಬಾಣ, ಎಸ್ ಎರಡೂ ಅಳಿಸಿಹೋಗುತ್ತವೆ.

ಹಳೇಠಸ್ಸೆ (ಚಿಕ್ಕಬಳ್ಳಾಪುರ)

ಕಾನೂನಿನ ಪ್ರಶ್ನೆ ಉಳಿದಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಅದೇ ಕಾಯ್ದೆಯ 45ನೇ ಸೆಕ್ಷನ್, ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಬರೀ ಮರದ ಬಟ್ ಅದರಡಿ ಬರುತ್ತದೆ ಎಂದು ನನ್ನ ಓದು. ಆದರೂ ಕೋಲಾರದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ಫೋಟೋ ತೋರಿಸಿ ಲಿಖಿತವಾಗಿ ಕೇಳಿ, ಆಮೇಲೆ ಕೊಳ್ಳಿ.

ಸಾಕೆಟ್ ಅಂಟಿಕೊಂಡಿರುವ ಬಟ್ ಯಾರಾದರೂ ತೋರಿಸಿದರೆ ಮಾತ್ರ ಮುಟ್ಟಲೇಬೇಡಿ. ಲೀ-ಎನ್‌ಫೀಲ್ಡ್‌ನಲ್ಲಿ ಸಾಕೆಟ್ ಬೇರೆ ತುಂಡಲ್ಲ, ರೈಫಲ್ಲಿನ ಮೈಕಟ್ಟಿನದೇ ಭಾಗ, ಮತ್ತು ಅದರ ನಳಿಗೆಯ ಅಳತೆಯಾದ .303 'ನಿಷೇಧಿತ ಬೋರ್', ಅಂದರೆ ಸಾಮಾನ್ಯ ಪರವಾನಗಿಗೆ ಸಿಗದ ಅಳತೆ.

ಕೊಳ್ಳುವುದಾದರೆ ಮುದ್ರೆ ಇಲ್ಲದ ಬಟ್‌ನ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ರಸೀದಿಯಲ್ಲಿ 'ಹಳೆಯ ಶಾರ್ಟ್ ಅಳತೆಯ ಬಟ್; ಐದು ಸಾಲಿನ ಬರಹ ನಂತರ ಕೆತ್ತಿದ್ದು; ಬಿಲ್ಲೆ ಪರೀಕ್ಷಿಸಿಲ್ಲ' ಎಂದು ಬರೆಸಿಕೊಳ್ಳಿ. ಪೆನ್ಸಿಲ್ ಉಜ್ಜಿದ ಕಾಗದವನ್ನು ಅದಕ್ಕೇ ಪಿನ್ ಮಾಡಿಡಿ. ಮುಂದೆ ಬಟ್ ಯಾರ ಕೈಗೆ ಹೋದರೂ ಆ ಕಾಗದ ಅದರ ಜೊತೆಗೇ ಹೋಗಲಿ.