ಹಿಂದಿನ ಆಕ್ಸಲ್, ಹ್ಯಾಂಡ್ ಬ್ರೇಕ್ ಕೇಬಲ್ ಮನೆಯಲ್ಲೇ ಬದಲಾಯಿಸಿದವರು ಇದ್ದೀರಾ?

ಕುಂದಾಪುರದಿಂದ ಪ್ರಶ್ನೆ: ನನ್ನದು 2012ರ ಮಾರುತಿ ಸ್ವಿಫ್ಟ್ ಕಾರು. ಮನೆ ಸಮುದ್ರಕ್ಕೆ ತೀರ ಹತ್ತಿರ. ಹಿಂದಿನ ಆಕ್ಸಲ್‌ಗೆ (ಹಿಂದಿನ ಎರಡೂ ಚಕ್ರ ಹಿಡಿಯುವ ತೊಲೆ) ಜೋರು ತುಕ್ಕು ಹಿಡಿದಿದೆ. ಸ್ಪ್ರಿಂಗ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಪದರ ಪದರವಾಗಿ ಉದುರುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದರೂ ಎಡ ಚಕ್ರ ಸಲೀಸಾಗಿ ತಿರುಗುವುದಿಲ್ಲ. ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ನಾನೇ ಮಾಡುತ್ತೇನೆ. ಇದನ್ನೂ ಮಾಡಬಹುದಾ?

ಮಂಗಳೂರಿನಿಂದ: ಕೇಬಲ್ ಖಂಡಿತ ಮಾಡಬಹುದು ಸರ್. ಆದರೆ ಹೊಸದು ತರುವ ಮೊದಲು ತೊಂದರೆ ಕೇಬಲ್‌ನದ್ದೇನಾ ಅಂತ ನೋಡಿ. ಹ್ಯಾಂಡ್ ಬ್ರೇಕ್ ಲಿವರ್ ಹತ್ತಿರ ಅಡ್ಜಸ್ಟ್ ನಟ್ ಪೂರ್ತಿ ಸಡಿಲ ಮಾಡಿ, ಚಕ್ರ ಎತ್ತಿ ತಿರುಗಿಸಿ. ಆಗಲೂ ಬಿಗಿ ಇದ್ದರೆ ಡ್ರಮ್ (ಚಕ್ರದ ಒಳಗಿನ ದುಂಡನೆಯ ಬ್ರೇಕ್ ಡಬ್ಬಿ) ಬಿಚ್ಚಿ. ಕೇಬಲ್ ತುದಿಯನ್ನು ಶೂನ (ಡ್ರಮ್‌ಗೆ ಒಳಗಿನಿಂದ ಒತ್ತುವ ಬ್ರೇಕ್ ತುಂಡು) ಲಿವರ್‌ನಿಂದ ಕಳಚಿದ ಮೇಲೆ ಆ ಲಿವರ್ ಕೈಯಲ್ಲಿ ಸಲೀಸಾಗಿ ಆಡಿದರೆ ಕೇಬಲ್ ಕೆಟ್ಟಿದೆ ಅಂತಲೇ ಲೆಕ್ಕ. ಆಡದಿದ್ದರೆ ತೊಂದರೆ ಲಿವರ್‌ನ ಪಿನ್ನಿನಲ್ಲೋ ವೀಲ್ ಸಿಲಿಂಡರ್‌ನಲ್ಲೋ (ಬ್ರೇಕ್ ಆಯಿಲ್ ಒತ್ತಡದಿಂದ ಶೂ ತಳ್ಳುವ ಭಾಗ) ಇರುತ್ತದೆ, ಹೊಸ ಕೇಬಲ್ ಹಾಕಿ ಪ್ರಯೋಜನ ಇಲ್ಲ.

ನಮ್ಮ ಕಡೆ ಕೇಬಲ್ ಕೆಡುವುದು ಹೆಚ್ಚಾಗಿ ಒಂದೇ ರೀತಿ. ಹೊರಗಿನ ಕವಚದ ತುದಿಯ ರಬ್ಬರ್ ಹರಿಯುತ್ತದೆ. ಮಳೆನೀರು ಒಳಗೆ ಇಳಿದು ತಂತಿಗೆ ತುಕ್ಕು ಹಿಡಿಯುತ್ತದೆ. ಕೈಯಿಂದ ಎಳೆದಾಗ ಬರುತ್ತದೆ, ಬಿಟ್ಟಾಗ ಸ್ಪ್ರಿಂಗ್‌ನ ಬಲ ಸಾಲದೆ ವಾಪಸ್ ಹೋಗುವುದಿಲ್ಲ. ಹೀಗೇ ಓಡಿಸಿದರೆ ಡ್ರಮ್ ಕಾಯುತ್ತದೆ, ಶೂ ಮೇಲಿನ ಲೈನರ್ ಸುಟ್ಟ ವಾಸನೆ ಬರುತ್ತದೆ. ದಯವಿಟ್ಟು ಹಾಗೇ ಓಡಿಸುತ್ತಾ ಇರಬೇಡಿ.

ಡ್ರಮ್ ಬರದಿದ್ದರೆ ಸುಮ್ನೆ ಸುತ್ತಿಗೆಯಲ್ಲಿ ಬಡಿಯಬೇಡಿ. ನಡುವಿನ ದೊಡ್ಡ ನಟ್ ಬಿಚ್ಚಿದ ಮೇಲೆ, ಡ್ರಮ್‌ನ ಮುಖದಲ್ಲಿ ಥ್ರೆಡ್ (ತಿರುಪಿನ ಸುತ್ತು) ಇರುವ ಎರಡು ತೂತುಗಳಿಗೆ 8 ಎಂಎಂ ಬೋಲ್ಟ್ ಹಾಕಿ, ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ತಾನೇ ಹೊರಗೆ ಬರುತ್ತದೆ. ಆ ದೊಡ್ಡ ನಟ್ ವಾಪಸ್ ಹಾಕಬೇಡಿ, ಹೊಸದು ತನ್ನಿ. ಒಳಗಿನ ಧೂಳನ್ನು ಬಾಯಿಂದಲೂ ಊದಬೇಡಿ, ಏರ್ ಪೈಪ್ ಹಿಡಿದೂ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೇಬಲ್‌ನ ಕವಚ ಬ್ಯಾಕಿಂಗ್ ಪ್ಲೇಟ್‌ನಲ್ಲಿ (ಡ್ರಮ್‌ನ ಹಿಂದಿನ ತಟ್ಟೆ) ಕಿವಿಯಂಥ ಸ್ಪ್ರಿಂಗ್ ಹಲ್ಲುಗಳಿಂದ ಕಚ್ಚಿಕೊಂಡಿದ್ದರೆ 12 ಎಂಎಂ ರಿಂಗ್ ಸ್ಪ್ಯಾನರ್ ಅದರ ಮೇಲೆ ತೂರಿಸಿ. ಹಲ್ಲುಗಳೆಲ್ಲ ಒಟ್ಟಿಗೇ ಒಳಗೆ ಮಡಚಿಕೊಳ್ಳುತ್ತವೆ, ಆಗ ಹಿಂದಿನಿಂದ ಎಳೆದರೆ ಆಯಿತು. ಸೈಲೆನ್ಸರ್ ಮೇಲಿನ ತಗಡು ಬಿಚ್ಚುವಾಗ ನಿಧಾನ, ಆ ಸಣ್ಣ ಬೋಲ್ಟ್‌ಗಳು ಮುರಿಯುವುದು ಜಾಸ್ತಿ. ಹೊಸ ಕೇಬಲ್ ಹಳೆಯದು ಹೋದ ದಾರಿಯಲ್ಲೇ, ಎಲ್ಲಾ ಕ್ಲಿಪ್‌ಗಳ ಒಳಗೇ ಹೋಗಬೇಕು. ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹುಬ್ಬಳ್ಳಿಯಿಂದ, ಗ್ಯಾರೇಜ್ ಕೆಲಸದವನು: ಮಂಗಳೂರಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನ್ರಿ, ಹೊಂದಿಸುವ ಕ್ರಮ. ಮೊದಲು ಶೂಗಳು ಡ್ರಮ್‌ಗೆ ಸರಿಯಾದ ದೂರದಲ್ಲಿ ಕೂರಬೇಕು. ಡ್ರಮ್ ಹಾಕಿ ಕಾಲಿನ ಬ್ರೇಕ್ ಹಲವು ಸಲ ಒತ್ತಿ, ಅಡ್ಜಸ್ಟರ್ (ಶೂಗಳ ದೂರ ತಾನೇ ಹೊಂದಿಸುವ ಭಾಗ) ತನ್ನ ಕೆಲಸ ಮುಗಿಸಲಿ. ಆಮೇಲೆಯೇ ಕೇಬಲ್ ನಟ್ ಮುಟ್ಟಿ. ಬಹಳ ಜನ ಮೊದಲು ಕೇಬಲ್ ಎಳೆದು ಬಿಗಿ ಮಾಡುತ್ತಾರೆ. ಆಗ ಶೂನ ಲಿವರ್ ಅರ್ಧ ಎಳೆದೇ ನಿಂತಿರುತ್ತದೆ, ಅಡ್ಜಸ್ಟರ್ ಕೆಲಸವನ್ನೇ ಮಾಡುವುದಿಲ್ಲ. ಹ್ಯಾಂಡ್ ಬ್ರೇಕ್ ಲಿವರ್ ಎಷ್ಟು ಹಲ್ಲಿಗೆ (ಟಕ್ ಶಬ್ದಕ್ಕೆ) ಹಿಡಿಯಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ನಂಬಿ. ಲಿವರ್ ಇಳಿಸಿದಾಗ ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಆಕ್ಸಲ್ ಬಗ್ಗೆ: ಅದನ್ನು ವೆಲ್ಡ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಿಫ್ಟ್‌ನದ್ದು ಟಾರ್ಶನ್ ಬೀಮ್. ಒಂದು ಚಕ್ರ ಗುಂಡಿಗೆ ಇಳಿದಾಗ ನಡುವಿನ ತೊಲೆ ತಿರುಚಿಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ. ವೆಲ್ಡ್ ಮಾಡಿದ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಕುಂದಾಪುರದಿಂದ: ವೆಲ್ಡ್ ಮಾಡಿಸುವುದಿಲ್ಲ, ಬದಲಾಯಿಸುವುದೇ. ಗುಜರಿಯಲ್ಲಿ ಸಿಕ್ಕಿದರೆ ತರಬಹುದಾ?

ಬೆಂಗಳೂರಿನಿಂದ: ತರಬಹುದು, ಆದರೆ ನೋಡಿ ತರಬೇಕು. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ. ಅಪಘಾತದ ಗಾಡಿಯದ್ದಾದರೆ, ಅದರಲ್ಲೂ ಹಿಂದಿನಿಂದ ಪೆಟ್ಟು ಬಿದ್ದದ್ದಾದರೆ ಬೇಡ. ಸ್ವಿಫ್ಟ್‌ನಲ್ಲಿ ಹಿಂದಿನ ಚಕ್ರದ ಕೋನ ಸರಿ ಮಾಡಲು ಯಾವ ಅಡ್ಜಸ್ಟ್‌ಮೆಂಟೂ ಇಲ್ಲ. ಬೀಮ್ ಸ್ವಲ್ಪ ಬಾಗಿದ್ದರೂ ಟೈರ್ ತಿನ್ನುತ್ತದೆ. ನಾನಂತೂ ಆಕ್ಸಲ್ ಹೊಸದೇ ಹಾಕಿದೆ. ಬುಷ್ (ಆಕ್ಸಲ್ ಬಾಡಿಗೆ ಸೇರುವಲ್ಲಿನ ರಬ್ಬರ್ ತುಂಡು), ಬೋಲ್ಟ್, ಕೇಬಲ್ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಕೇಬಲ್ ಕೊಳ್ಳುವಾಗ ಎಡ, ಬಲ ಬೇರೆ ಬೇರೆ ಅಂತ ನೆನಪಿರಲಿ, ಹಳೆಯದರ ಪಕ್ಕ ಇಟ್ಟು ಉದ್ದ ನೋಡಿ.

ಈಗ ಕೆಲಸ. ಗಟ್ಟಿ ಸಿಮೆಂಟ್ ನೆಲ ಮತ್ತು ಜೊತೆಗೆ ಒಬ್ಬರು ಇಲ್ಲದಿದ್ದರೆ ಶುರು ಮಾಡಬೇಡಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಡಿ. ಜಾಕ್ ಸ್ಟ್ಯಾಂಡ್ ಬಾಡಿಯ ಕೆಳಗೆ, ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಇರಬೇಕು. ಟ್ರಾಲಿ ಜಾಕ್ ಬೀಮ್ ಕೆಳಗೆ ಇಟ್ಟು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು, ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಅಷ್ಟರೊಳಗೆ ಬ್ರೇಕ್ ಪೈಪ್, ಕೇಬಲ್ ಕಳಚಿರಬೇಕು, ಎಬಿಎಸ್ ಇದ್ದರೆ ಅದರ ವೈರ್ ಕೂಡ. ಇಲ್ಲದಿದ್ದರೆ ಆ ಭಾರ ಎಲ್ಲಾ ಬ್ರೇಕ್ ಪೈಪ್ ಮೇಲೆ ಬೀಳುತ್ತದೆ.

ತುಂಬಾ ಕಷ್ಟ ಕೊಡುವುದು ಬ್ರೇಕ್ ಪೈಪ್‌ನ ನಟ್. ಸಾಮಾನ್ಯ ಸ್ಪ್ಯಾನರ್‌ನಲ್ಲಿ ಅದರ ಮೂಲೆ ಸವೆದುಹೋಗುತ್ತದೆ, ಪೈಪ್‌ಗೆಂದೇ ಇರುವ ಫ್ಲೇರ್ ನಟ್ ಸ್ಪ್ಯಾನರ್ ತನ್ನಿ. ನಟ್ ಜೊತೆ ಪೈಪೂ ತಿರುಚಿಕೊಂಡರೆ ಆ ಪೈಪ್ ಕೂಡ ಹೊಸದು ಹಾಕಿ.

ಟೊರಾಂಟೊದಿಂದ, ಮೂಲತಃ ಶಿರಸಿಯವಳು: ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ನಿಮ್ಮ ಕಷ್ಟ ನಮಗೂ ಗೊತ್ತು. ಬುಷ್‌ನ ಬೋಲ್ಟ್, ಪೈಪ್ ನಟ್, ಬ್ಯಾಕಿಂಗ್ ಪ್ಲೇಟ್ ಬೋಲ್ಟ್‌ಗಳಿಗೆಲ್ಲ ಹಿಂದಿನ ಕೆಲವು ದಿನ ಸಂಜೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಬನ್ನಿ. ಲೈನರ್‌ಗೆ ತಾಗದಂತೆ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಬೀಮ್ ಹಿಡಿಯುವ ಬುಷ್ ಬೋಲ್ಟ್‌ಗಳನ್ನು ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿ ಮಾಡಬೇಡಿ. ಚಕ್ರ ಹಾಕಿ ಗಾಡಿಯ ಭಾರ ನೆಲಕ್ಕೆ ಬಿಟ್ಟ ಮೇಲೆ ಟಾರ್ಕ್ ವ್ರೆಂಚ್‌ನಲ್ಲಿ (ಬಿಗಿ ಎಷ್ಟು ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ಎತ್ತಿದಾಗಲೇ ಬಿಗಿ ಮಾಡಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಮಂಗಳೂರಿನಿಂದ: ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಬ್ರೇಕ್ ಪೈಪ್ ಬಿಚ್ಚಿದ ಮೇಲೆ ಒಳಗೆ ಸೇರಿದ ಏರ್ ತೆಗೆಯಲೇಬೇಕು ಸರ್. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT) ನಂಬರಿನ ಹೊಸ ಬ್ರೇಕ್ ಆಯಿಲ್ ಹಾಕಿ, ಏರ್ ತೆಗೆಯುವಾಗ ಆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಪೆಡಲ್ ಗಟ್ಟಿಯಾಗುವ ತನಕ ಗಾಡಿ ಗೇಟು ದಾಟಬಾರದು. ಇನ್ನು ಮಳೆಗಾಲದಲ್ಲಿ ಮನೆಯ ಸಮತಟ್ಟು ಜಾಗದಲ್ಲಿ ಹಲವು ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್‌ಗೆ ಅಂಟುತ್ತದೆ. ಗೇರ್‌ನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.